ಊರು ಬಿಟ್ಟವರ ಪುಸ್ತಕ

ಹಿಪ್ಪರಗಿಯಲ್ಲಿ ಹಿಪ್ಪರಗಿ ಎಂಬ ಅಡ್ಡಹೆಸರಿನವರನ್ನು ಹುಡುಕಬಾರದು. ಊರಲ್ಲೇ ಇದ್ದವನನ್ನು ಊರ ಹೆಸರು ಹಿಡಿದು ಯಾರು ಕರೆದಾರು? ಅಲ್ಲಿ ಅವನು ಪಾಟೀಲ, ಬಡಿಗೇರ, ಹೂಗಾರ, ಮಾಳಿ, ತಳವಾರ. ಹಿಪ್ಪರಗಿ ಅನ್ನಿಸಿಕೊಳ್ಳಬೇಕಾದರೆ ಆ ಊರು ಬಿಟ್ಟು ಇನ್ನೊಂದು ಊರು ಸೇರಬೇಕು, ಅಲ್ಲಿನವರು ‘ಯಾವೂರಾವ್ರಪಾ ನೀವು?’ ಎಂದು ಕೇಳಬೇಕು. ಅವತ್ತು ಕೊಟ್ಟ ಉತ್ತರವೇ ಮುಂದೆ ರೇಶನ್ ಕಾರ್ಡಿನ ತನಕ ಬೆನ್ನು ಹತ್ತಿ ಬರುತ್ತದೆ. ಸೊಲ್ಲಾಪುರದಲ್ಲಿ ನಮ್ಮ ಮನೆತನಕ್ಕೆ ಅಂಟಿಕೊಂಡಿರುವ ಹೆಸರು ಅದು. ನನ್ನ ಅಜ್ಜನ ಅಜ್ಜ ಗಿರಣಿ ಕೆಲಸಕ್ಕೆಂದು ಬಂದವನು ಎಂಬಷ್ಟೇ ಮಾತು ಮನೆಯಲ್ಲಿ ಉಳಿದಿತ್ತು. ಯಾವ ವರ್ಷ ಬಂದ, ಯಾಕೆ ಬಂದ, ಒಬ್ಬನೇ ಬಂದನೋ ಹೆಂಡತಿ ಕೂಸುಗಳನ್ನು ಕಟ್ಟಿಕೊಂಡು ಬಂದನೋ, ಹೇಳುವವರು ಯಾರೂ ಉಳಿದಿರಲಿಲ್ಲ.

ಹಿಪ್ಪರಗಿ ಒಂದೇ ಆಗಿದ್ದರೂ ಹುಡುಕಾಟ ಹಗುರವಾಗುತ್ತಿತ್ತು. ವಿಜಯಪುರ ಜಿಲ್ಲೆಯಲ್ಲಿ ದೇವರ ಹಿಪ್ಪರಗಿ ಇದೆ. ಸೊಲ್ಲಾಪುರದ ಮಗ್ಗುಲಿಗೇ ಹಿಪ್ಪರಗಾ ಇದೆ, ಅದರ ಕೆರೆಯ ನೀರನ್ನೇ ಆ ಪಟ್ಟಣ ಕುಡಿದು ಬೆಳೆದದ್ದು. ನಮ್ಮ ಕಾಕಾ ಮಾತ್ರ ಚಿಕ್ಕಂದಿನಲ್ಲಿ ಕೇಳಿದ್ದನ್ನು ಬಿಟ್ಟುಕೊಡುತ್ತಿರಲಿಲ್ಲ: ‘ನಮ್ಮದು ಹೊಳಿ ದಂಡಿ ಹಿಪ್ಪರಗಿ.’ ಹೊಳೆ ಅಂದರೆ ಕೃಷ್ಣೆಯೋ ಭೀಮೆಯೋ ಎಂದು ಕೇಳಿದರೆ ಸಿಟ್ಟು ಬರುತ್ತಿತ್ತು. ‘ಹೊಳಿ ಅಂದ್ರ ಹೊಳಿ.’

ನನ್ನನ್ನು ಈ ಕೆಲಸಕ್ಕೆ ಹಚ್ಚಿದವಳು ಕಾಕಾನ ಮೊಮ್ಮಗಳು. ಅವಳು ಡಬ್ಲಿನ್ನಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಬೇಸಿಗೆಯಲ್ಲಿ ಅಲ್ಲಿಗೆ ಅಮೆರಿಕದಿಂದ ಜನ ಗುಂಪುಗಟ್ಟಿ ಬರುತ್ತಾರಂತೆ, ಕೈಯಲ್ಲಿ ಮುತ್ತಜ್ಜನ ಹೆಸರು ಬರೆದ ಚೀಟಿ ಹಿಡಿದು. ಅಮೆರಿಕದಲ್ಲಿ ತಾವು ಐರಿಷ್ ಮೂಲದವರು ಎಂದು ಹೇಳಿಕೊಳ್ಳುವವರು 3 ಕೋಟಿಗೂ ಹೆಚ್ಚು. ಅವರಲ್ಲಿ ಬಹಳ ಜನಕ್ಕೆ ಗೊತ್ತಿರುವುದು ‘ಕಾರ್ಕ್ ಜಿಲ್ಲೆ’ ‘ಮೇಯೋ ಜಿಲ್ಲೆ’ ಎಂಬಷ್ಟೇ. ಅಲ್ಲಿ ಹಳ್ಳಿಗಿಂತ ಸಣ್ಣ ಭೂಭಾಗಗಳಿಗೆಲ್ಲ ಹೆಸರುಂಟು, ಅಂಥವು 60 ಸಾವಿರದ ಮೇಲಿವೆ, ಒಂದೇ ಹೆಸರು ಹತ್ತಾರು ಕಡೆ ಬರುತ್ತದೆ. ಹಿರಿಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿ ಅವರಲ್ಲೂ ಇತ್ತು. ಬಸಪ್ಪನ ಮಗ ಕಲ್ಲಪ್ಪ, ಕಲ್ಲಪ್ಪನ ಮಗ ಬಸಪ್ಪ, ಮತ್ತೆ ಕಲ್ಲಪ್ಪ ಎಂದು ಸಾಗುವ ನಮ್ಮ ಸಾಲುಗಳನ್ನು ಕಂಡವರಿಗೆ ಅವರ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ನೂರೈವತ್ತು ವರ್ಷಗಳಲ್ಲಿ ನಾಲ್ವರು ಬಸಪ್ಪಗಳಿದ್ದರೆ ಕಾಗದದಲ್ಲಿ ಸಿಕ್ಕವನು ಯಾವ ಬಸಪ್ಪ?

ನಮ್ಮ ಅಜ್ಜಿಯ ಟ್ರಂಕಿನ ತಳದಲ್ಲಿ ಮೋಡಿ ಅಕ್ಷರದ ಒಂದು ಕಾಗದವಿತ್ತು. ದೇವರ ಕಾಗದವೆಂದು ತಿಳಿದು ಅಜ್ಜಿ ಅದಕ್ಕೆ ದಸರೆಗೆ ಅರಿಶಿನ ಕುಂಕುಮ ಏರಿಸುತ್ತಿದ್ದಳು. ಮೋಡಿ ಬಲ್ಲ ಹಿರಿಯರೊಬ್ಬರು ಅದನ್ನು ಬೆಳಕಿಗೆ ಹಿಡಿದು ಓದಿದರು. ಅದು ಸಾಲದ ಕಾಗದ. ಬನಹಟ್ಟಿಯ ಸಾವುಕಾರನಿಗೆ ಬರೆದುಕೊಟ್ಟದ್ದು, ಒತ್ತೆಗೆ ಮೌಜೆ ಹಿಪ್ಪರಗಿಯ ಒಂದು ತುಂಡು ಹೊಲ. ಬನಹಟ್ಟಿ ಎಂದು ಬಂದಮೇಲೆ ಹೊಳೆ ಯಾವುದೆಂಬ ಜಗಳ ಮುಗಿಯಿತು, ಅದು ಕೃಷ್ಣೆಯೇ. ಹೊಲಕ್ಕೆ ಸರ್ವೆ ನಂಬರ್ ಇರಲಿಲ್ಲ; ಮೂಡಲಕ್ಕೆ ಯಾರ ಹೊಲ, ಪಡುವಲಕ್ಕೆ ಯಾರದು, ತೆಂಕಲಕ್ಕೆ ಹಳ್ಳ, ಬಡಗಲಕ್ಕೆ ಗಾಡಿದಾರಿ ಎಂದು ಚಕ್ಕುಬಂದಿ ಮಾತ್ರ ಇತ್ತು.

ಇಷ್ಟು ವರ್ಷ ಅಜ್ಜಿ ಪೂಜಿಸಿದ್ದು ಸಾಲಪತ್ರ ಎಂದು ತಿಳಿದಾಗ ಮನೆಯಲ್ಲಿ ಎಲ್ಲರೂ ನಕ್ಕರು. ನನಗೇನೋ ಅಜ್ಜಿಯ ಪೂಜೆ ಸರಿಯಾಗಿಯೇ ಇತ್ತು ಅನ್ನಿಸಿತು. ಸಾಮಾನ್ಯ ರೈತನ ಹೆಸರು ಕಾಗದಕ್ಕೆ ಏರುತ್ತಿದ್ದದ್ದು ಅವನು ತೆರಿಗೆ ಕೊಡಬೇಕಾದಾಗ, ಸಾಲ ತಂದಾಗ, ಇಲ್ಲವೆ ಅಣ್ಣತಮ್ಮರು ಕೋರ್ಟು ಹತ್ತಿದಾಗ. ಸುಖವಾಗಿದ್ದವನನ್ನು ಯಾವ ಗುಮಾಸ್ತನೂ ಬರೆದಿಡಲಿಲ್ಲ.

ಸೊಲ್ಲಾಪುರದಿಂದ ವಿಜಯಪುರ, ಅಲ್ಲಿಂದ ಜಮಖಂಡಿ ರಸ್ತೆ. ಕಾಕಾ ಮುಂದಿನ ಸೀಟಿನಲ್ಲಿ ಧೋತರ ಸರಿಮಾಡಿಕೊಂಡು ಕೂತಿದ್ದರು. ಚಿಕ್ಕಪಡಸಲಗಿ ಹತ್ತಿರ ಕೃಷ್ಣೆ ಕಂಡಾಗ ಕಾರು ನಿಲ್ಲಿಸಿದೆವು. 1989ರಲ್ಲಿ ಈ ಭಾಗದ ರೈತರು ಸರ್ಕಾರದ ದಾರಿ ಕಾಯದೆ ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಕಟ್ಟಿಕೊಂಡ ಬ್ಯಾರೇಜು ಇಲ್ಲಿದೆ. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾಯಿತು, ಹಿನ್ನೀರಿಗೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ರಸ್ತೆಯ ಎರಡೂ ಬದಿ ಕಬ್ಬು, ಕಣ್ಣು ಹೋದಲ್ಲೆಲ್ಲ ಕಬ್ಬು. ಕಾಕಾ ಬಹಳ ಹೊತ್ತು ನೋಡಿದರು.

‘ಈ ನೀರು ಆವಾಗ ಇದ್ದಿದ್ರ ನಾವು ಸೊಲ್ಲಾಪುರ ಮಾರಿ ನೋಡತಿದ್ದಿಲ್ಲವಾ.’

‘ಹೊಳಿ ಆವಾಗೂ ಇತ್ತಲ್ಲ ಕಾಕಾ.’

‘ಹೊಳಿ ಇತ್ತು. ಹೊಲಕ್ಕ ಬರತಿದ್ದಿಲ್ಲ.’

ಕಾಕಾ ಹೇಳಿದ ‘ಆವಾಗ’ ಯಾವುದು ಎಂಬುದಕ್ಕೆ ನನ್ನ ಬಳಿ ಒಂದು ಅಂದಾಜು ಇತ್ತು. 1876ರ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಧಾತು ಸಂವತ್ಸರದಲ್ಲಿ ಶುರುವಾದ ಬರ ಈಶ್ವರ ಸಂವತ್ಸರಕ್ಕೂ ಹರಿಯಿತು. ಆಗ ಈ ಸೀಮೆಯ ಇಂಗ್ರೇಜಿ ಜಿಲ್ಲೆಗೆ ಕಲಾದಗಿ ಕೇಂದ್ರ. ಜಿಲ್ಲಾ ಕಚೇರಿ ವಿಜಯಪುರಕ್ಕೆ ಹೋದದ್ದು ಆಮೇಲೆ. 1872ರ ಗಣತಿಯಲ್ಲಿ 8 ಲಕ್ಷ ದಾಟಿದ್ದ ಕಲಾದಗಿ ಜಿಲ್ಲೆಯ ಜನ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿದ್ದರು. ಐದು ಜನರಲ್ಲಿ ಒಬ್ಬ ಇಲ್ಲ. ಸತ್ತವರೆಷ್ಟು, ನಿಜಾಮನ ಸೀಮೆಗೋ ಘಟ್ಟದ ಕೆಳಗೋ ಗುಳೆ ಹೋದವರೆಷ್ಟು ಎಂಬುದು ಆ ಅಂಕಿಯೊಳಗೆ ಬೆರೆತುಹೋಗಿದೆ.

ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಬಂದ ಬರ 1845ರದ್ದು. 1841ರಲ್ಲಿ 81 ಲಕ್ಷದ ಮೇಲಿದ್ದ ಅಲ್ಲಿನ ಜನ 1851ಕ್ಕೆ 65 ಲಕ್ಷವಾದರು. ಅಲ್ಲೂ ಐವರಲ್ಲಿ ಒಬ್ಬ. ಮೊಮ್ಮಗಳು ಕಳಿಸಿದ ಅಂಕಿಗಳನ್ನು ಕಲಾದಗಿಯ ಅಂಕಿಗಳ ಪಕ್ಕ ಬರೆದಾಗ, ಒಂದು ಸೊನ್ನೆಯ ಹೆಚ್ಚುಕಡಿಮೆ ಬಿಟ್ಟರೆ ಎರಡೂ ಸಾಲು ಒಂದನ್ನೊಂದು ನೋಡಿ ಬರೆದಂತಿದ್ದವು. ಹೋಲಿಕೆಯನ್ನು ಬಹಳ ಎಳೆಯಬಾರದು. ಅಲ್ಲಿ ಹಡಗಿತ್ತು, ಇಲ್ಲಿ ಕಾಲು. ಆದರೆ ದೊರೆತನ ಒಂದೇ. ಐರಿಷ್ ಬರದಲ್ಲಿ ಲಂಡನ್ನಿನ ಖಜಾನೆಯಿಂದ ಪರಿಹಾರದ ಕೈ ಬಿಗಿಹಿಡಿದಿದ್ದ ಚಾರ್ಲ್ಸ್ ಟ್ರೆವೆಲ್ಯನ್ ಮುಂದೆ ಮದ್ರಾಸಿನ ಗವರ್ನರ್ ಆಗಿ ಬಂದ. 1877ರಲ್ಲಿ ಇಂಗ್ರೇಜಿ ಅಧಿಕಾರಿ ರಿಚರ್ಡ್ ಟೆಂಪಲ್ ಇಲ್ಲಿನ ಬರಗಾಲ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕಕ್ಕೆ ಇಳಿಸಿದ್ದೂ ಅದೇ ಬಗೆಯ ಲೆಕ್ಕಾಚಾರ: ಹೆಚ್ಚು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ.

ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ, ಎಲ್ಲರೂ ಹಳೆ ಗಿರಣಿ ಅನ್ನುವುದು, ಶುರುವಾದದ್ದು 1877ರಲ್ಲಿ. ಅದಕ್ಕೂ ಮೊದಲೇ ಅಲ್ಲಿಗೆ ರೈಲು ಬಂದಿತ್ತು. ಇತ್ತ ಬಾವಿ ಬತ್ತಿದ ವರ್ಷವೇ ಅತ್ತ ಭೋಂಗಾ ಕೂಗಿತು. ನಮ್ಮ ಹಿರಿಯ ಆ ಕೂಗಿಗೇ ಹೋದನೆಂದು ಬರೆದ ಕಾಗದ ಎಲ್ಲೂ ಇಲ್ಲ. ಸಾಲಪತ್ರದ ತಾರೀಖು ಮಾತ್ರ ಬರದ ಹಿಂದುಮುಂದಿನದು.

ಜಮಖಂಡಿಯಲ್ಲಿ ಇಳಿದಾಗ ಮೊದಲು ಕಂಡ ತೊಡಕು ಇದು: ಈ ಸುತ್ತಿನಲ್ಲಿ ಯಾವ ಊರ ಕಾಗದ ಎಲ್ಲಿದ್ದೀತು ಎಂದು ಹೇಳುವುದೇ ಕಷ್ಟ. ರಬಕವಿ ಬನಹಟ್ಟಿ ಎಂದು ಈಗ ಒಂದೇ ಉಸಿರಿಗೆ ಅನ್ನುತ್ತೇವೆ, ಒಂದೇ ನಗರಸಭೆ, ಮಗ್ಗದ ಸದ್ದಿನಲ್ಲಿ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಸಂಸ್ಥಾನಗಳ ಕಾಲದಲ್ಲಿ ರಬಕವಿ ಸಾಂಗಲಿಯದು, ಬನಹಟ್ಟಿ ಜಮಖಂಡಿಯದು. ತೇರದಾಳ ಸಾಂಗಲಿಗೆ. ಮುಧೋಳ ಘೋರ್ಪಡೆಯವರಿಗೆ. ಬೀಳಗಿ ಇಂಗ್ರೇಜಿ ಸರ್ಕಾರಕ್ಕೆ. ಮಧ್ಯಾಹ್ನದೊಳಗೆ ನಡೆದು ಮುಗಿಸಬಹುದಾದ ದಾರಿಯಲ್ಲಿ ಇಬ್ಬರು ಮೂವರು ದೊರೆಗಳು ಎದುರಾಗುತ್ತಿದ್ದರು. ಆ ದೊರೆಗಳೂ ಮೂಲದಲ್ಲಿ ಊರು ಬಿಟ್ಟವರೇ. 1811ರಲ್ಲಿ ಜಮಖಂಡಿಯ ಸಂಸ್ಥಾನ ಕಟ್ಟಿಕೊಂಡ ಪಟವರ್ಧನರ ಮೂಲಪುರುಷ ಕೊಂಕಣದ ಕೋತವಡೆಯಿಂದ ಘಟ್ಟ ಹತ್ತಿ ಬಂದ ಪುರೋಹಿತ. ಅವರ ವಂಶಾವಳಿ ಅಚ್ಚಾಗಿದೆ, ಹುಡುಕುವ ಗೋಜಿಲ್ಲ.

1948ರ ಮಾರ್ಚ್ 8ರಂದು ಜಮಖಂಡಿ ಮುಂಬೈ ಪ್ರಾಂತಕ್ಕೆ ಸೇರಿತು. ಆಗ ಸಂಸ್ಥಾನದ ಮುಖ್ಯಮಂತ್ರಿಯಾಗಿದ್ದವರು ಸಾವಳಗಿಯ ಬಿ.ಡಿ. ಜತ್ತಿ. 1956ರಲ್ಲಿ ಮೈಸೂರು ರಾಜ್ಯ ಬಂತು, 1973ಕ್ಕೆ ಅದರ ಹೆಸರು ಕರ್ನಾಟಕವಾಯಿತು, 1997ರಲ್ಲಿ ವಿಜಯಪುರದಿಂದ ಬಾಗಲಕೋಟೆ ಜಿಲ್ಲೆ ಬೇರೆಯಾಯಿತು. ಊರು ಕೂತಲ್ಲೇ ಕೂತಿತ್ತು, ದಫ್ತರ ಗಂಟುಮೂಟೆ ಕಟ್ಟಿಕೊಂಡು ಅಲೆಯಿತು. ಇಲ್ಲಿನ ಸಂಗತಿಯ ಕಾಗದ ಪುಣೆಯ ಪೇಶ್ವೆ ದಫ್ತರದಲ್ಲಿದ್ದೀತು, ಕೊಲ್ಹಾಪುರದಲ್ಲಿದ್ದೀತು, ಮುಂಬೈಯ ಪತ್ರಾಗಾರದಲ್ಲಿದ್ದೀತು. ಬರಹ ಮೋಡಿ, ಭಾಷೆ ಮರಾಠಿ, ಅದರಲ್ಲಿ ಬರೆಸಿಕೊಂಡವನು ಕನ್ನಡದವನು. ಕೆಳಗೆ ಸಹಿ ಇರುವಲ್ಲಿ ನಮ್ಮ ಹಿರಿಯ ಒಂದು ನೇಗಿಲು ಬರೆದಿದ್ದ. ಆ ಇಡೀ ಕಾಗದದಲ್ಲಿ ಅವನ ಕೈಯಿಂದ ಬಂದದ್ದು ಆ ನಾಲ್ಕು ಗೀಟು.

ಹೋದದ್ದು ಹೋಯಿತು ಎಂದು ಕೂರುವ ಹಾಗೆ ಇಲ್ಲಿ ಏನೂ ಆಗಿಲ್ಲ ಎಂಬುದನ್ನು ಡಬ್ಲಿನ್ನಿನ ಕತೆ ಕೇಳಿ ಒಪ್ಪಿಕೊಂಡೆ. 1922ರ ಜೂನ್ 30ರಂದು ಅಲ್ಲಿನ ಅಂತರ್ಯುದ್ಧದಲ್ಲಿ ಫೋರ್ ಕೋರ್ಟ್ಸ್ ಕಟ್ಟಡ ಸಿಡಿದು, ಅದರೊಳಗಿನ ಸರ್ಕಾರಿ ದಾಖಲೆಗಳ ಭಂಡಾರ ಉರಿದುಹೋಯಿತು. ಏಳು ಶತಮಾನಗಳ ಕಾಗದ. 1821ರಿಂದ 1851ರ ತನಕದ ಗಣತಿ ಹಾಳೆಗಳು ಹೆಚ್ಚುಕಡಿಮೆ ಎಲ್ಲ ಹೋದವು. 1861, 1871ರ ಹಾಳೆಗಳನ್ನು ಲೆಕ್ಕ ತೆಗೆದಾದ ಮೇಲೆ ಸರ್ಕಾರವೇ ನಾಶಮಾಡಿತ್ತು. 1881, 1891ರವು ಮೊದಲ ಮಹಾಯುದ್ಧದ ಹೊತ್ತಿಗೆ ಕಾಗದದ ಕೊರತೆಯೆಂದು ರದ್ದಿಗೆ ಬಿದ್ದಿದ್ದವು. ಉಳಿದದ್ದು 1901 ಮತ್ತು 1911. ಹಾಗಾಗಿ ಐರಿಷ್ ಮುತ್ತಜ್ಜನನ್ನು ಹುಡುಕುವವರು ತಡಕುವುದು ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿ 1847ರಿಂದ 1864ರ ತನಕ ತೆರಿಗೆಗಾಗಿ ಮಾಡಿಸಿದ ಭೂಮಿ ಬೆಲೆಯ ಪಟ್ಟಿಯನ್ನು. ಯಾವ ತುಂಡು ಭೂಮಿಯಲ್ಲಿ ಯಾರು ಕೂತಿದ್ದ, ಅದರ ಬೆಲೆ ಎಷ್ಟು, ಅಷ್ಟೇ.

ನಮ್ಮ ಜನಗಣತಿಯಲ್ಲಿ ತಲೆಗಳ ಲೆಕ್ಕ ಉಳಿದಿದೆ, ಹೆಸರುಗಳು ಉಳಿದಿಲ್ಲ. ನಮಗೂ ಗತಿ ಭೂಮಿಯ ಕಾಗದವೇ. ಗೋಲ್ಡ್‌ಸ್ಮಿಡ್, ವಿಂಗೇಟ್ ಸಾಹೇಬರು 1836ರಲ್ಲಿ ಇಂದಾಪುರದಲ್ಲಿ ಶುರುಮಾಡಿದ ಮುಂಬೈ ಸರ್ವೆ ಧಾರವಾಡ, ಬೆಳಗಾವಿ, ಕಲಾದಗಿ ಸೀಮೆಗೂ ಹಬ್ಬಿತು. ಮಣ್ಣನ್ನು ಆಣೆ ಲೆಕ್ಕದಲ್ಲಿ ತೂಗಿ, ಹದಿನಾರಾಣೆ ಭೂಮಿ, ಎಂಟಾಣೆ ಭೂಮಿ ಎಂದು ವಿಂಗಡಿಸಿ ಆಕಾರ ಕಟ್ಟಿದರು. ಕಲ್ಲು ನೆಟ್ಟರು, ನಂಬರ್ ಕೊಟ್ಟರು. ಹಕ್ಕುದಾಖಲೆ ಬಂದದ್ದು 1903ರ ಕಾಯಿದೆಯ ಮೇಲೆ. ಸಂಸ್ಥಾನಗಳು ಒಂದು ಹೆಜ್ಜೆ ಹಿಂದೆ ಅದೇ ದಾರಿ ಹಿಡಿದವು. ಇಂದಿಗೂ ಈ ಕಡೆ ರೈತ ಪಹಣಿ ಎನ್ನುವುದಿಲ್ಲ, ‘ಉತಾರ’ ಅನ್ನುತ್ತಾನೆ. ಉತಾರ ತೆಗೆಸಲು ಬಂದವರ ಸಾಲಿನಲ್ಲಿ ನಾವೂ ನಿಂತೆವು.

ಕೈಬರಹದ ಹಳೆ ಉತಾರ, ವಾರಸಾ ಡೈರಿ ಇವು ಓದಲು ಒಗ್ಗಿದರೆ ಕಾದಂಬರಿಗಿಂತ ಹೆಚ್ಚು ಹಿಡಿದು ಕೂರಿಸುತ್ತವೆ. ಇಂಥವನು ಸತ್ತ, ಇಂಥಿಂಥವರು ವಾರಸುದಾರರು, ಒಬ್ಬ ಅಜ್ಞಾನ, ಅವನ ಪಾಲಕಿ ತಾಯಿ, ತಕರಾರು ಇಲ್ಲ. ತಕರಾರು ಇದ್ದರೆ ಇನ್ನೂ ಚಲೋ, ಎರಡು ಪುಟ ಸಿಗುತ್ತದೆ. ನಮ್ಮಲ್ಲಿ ಇದ್ದದ್ದು ಚಕ್ಕುಬಂದಿ ಮಾತ್ರ. ಮೂಡಲ ಹೊಲದವನ ಮನೆತನದ ಹೆಸರು ಒಂದು ಉತಾರದಲ್ಲಿ ಕಂಡಿತು, ಪಡುವಲದವನದು ಇನ್ನೊಂದರಲ್ಲಿ. ನಕಾಶೆಯಲ್ಲಿ ಹಳ್ಳ ತೆಂಕಲಕ್ಕೇ ಇತ್ತು. ನಡುವಿನ ನಂಬರಿನ ಕಾಗದ ತೆಗೆಸಿದಾಗ ಅದರಲ್ಲಿ ನಮ್ಮ ಹಿರಿಯನ ಅಪ್ಪನ ಹೆಸರು ಒಬ್ಬ ರೈತನ ತಂದೆಯ ಹೆಸರಾಗಿ ಕೂತಿತ್ತು. ರೈತ ನಮ್ಮ ಹಿರಿಯನಲ್ಲ, ಅವನ ಅಣ್ಣ. ಹೊಲ ಒತ್ತೆಯಿಂದ ಬಿಡಿಸಿಕೊಂಡವನು ಅಣ್ಣ, ಸಾಲ ಮಾಡಿ ಹೋದವನು ತಮ್ಮ.

ತಮ್ಮನ ಹೆಸರು ಎಲ್ಲೂ ಇರಲಿಲ್ಲ. ಹಾಳೆ ತಿರುವಿದಷ್ಟೂ ಅಣ್ಣನ ಮಕ್ಕಳು, ಅಣ್ಣನ ಮೊಮ್ಮಕ್ಕಳು, ಅವರ ಪಾಲು, ಅವರ ಬೋಜ. ಭೂಮಿಯ ಕಾಗದಕ್ಕೆ ಭೂಮಿಯ ಮೇಲಿದ್ದವನಷ್ಟೇ ಬೇಕು. ಐರ್ಲೆಂಡಿನಲ್ಲೂ ಗ್ರಿಫಿತ್‌ನ ಪಟ್ಟಿ ಹಡಗು ಹತ್ತಿದವನನ್ನು ಬಿಟ್ಟು ಗುಡಿಸಲಲ್ಲಿ ಉಳಿದವನನ್ನೇ ಬರೆಯಿತು. ಹಾಗೆಂದೇ ಅಲ್ಲಿಗೆ ಬಂದವರು ಮುತ್ತಜ್ಜನನ್ನಲ್ಲ, ಮುತ್ತಜ್ಜನ ಅಣ್ಣನನ್ನು ಕಂಡುಕೊಂಡು ವಾಪಸಾಗುತ್ತಾರೆ ಎಂದು ಮೊಮ್ಮಗಳು ಫೋನಿನಲ್ಲಿ ನಕ್ಕಳು.

ಬನಹಟ್ಟಿಯಿಂದ ಉತ್ತರಕ್ಕೆ, ಹೊಳೆಯ ಕಡೆ ಹೋಗುತ್ತ ಕಾಕಾ ಸುಮ್ಮನಿದ್ದರು. ತಮ್ಮ ಹಿರಿಯ ಸಾಲ ಮಾಡಿ ಓಡಿಬಂದವನು ಎಂಬುದು ಅವರಿಗೆ ಸೇರಿರಲಿಲ್ಲ. ನಾನು ಮಾತು ಬದಲಿಸಲು ರನ್ನನ ಸುದ್ದಿ ತೆಗೆದೆ. ಮುಧೋಳ ಇಲ್ಲೇ ಪಕ್ಕ. ಸಾವಿರ ವರ್ಷದ ಹಿಂದೆ ಆ ಊರ ಬಳೆಗಾರರ ಹುಡುಗ ತನ್ನ ಅಜಿತಪುರಾಣದಲ್ಲಿ ಅಪ್ಪ ಜಿನವಲ್ಲಭ, ಅವ್ವ ಅಬ್ಬಲಬ್ಬೆ, ಊರು ಮುದುವೊಳಲು ಎಂದು ತಾನೇ ಬರೆದಿಟ್ಟ. ತೇರದಾಳದ ಶಾಸನದಲ್ಲಿ ಮಾಂಡಲಿಕ ಗೊಂಕ 1123ರಲ್ಲಿ ಬಸದಿ ಕಟ್ಟಿಸಿದ್ದು ಕಲ್ಲಲ್ಲಿ ನಿಂತಿದೆ. ‘ಅವರು ಕವಿಗೋಳು, ರಾಜಗೋಳು’ ಎಂದರು ಕಾಕಾ. ‘ನಮ್ಮಂಥಾವ್ರನ್ನ ಯಾರು ಬರೀತಾರು?’

ಬರೆಯುವವರು ಇದ್ದಾರೆ ಎಂಬುದು ಅವರಿಗೂ ಗೊತ್ತಿತ್ತು, ಮರೆತಿದ್ದರು.

ಹಿಪ್ಪರಗಿಯ ಹೆಸರು ಈಗ ಸುದ್ದಿಯಲ್ಲಿ ಬರುವುದು ಬ್ಯಾರೇಜಿನಿಂದ. ಮಹಾರಾಷ್ಟ್ರದಲ್ಲಿ ಮಳೆಯಾದರೆ, ಕೊಯ್ನಾದಿಂದ ನೀರು ಬಿಟ್ಟರೆ, ಟೀವಿಯ ಕೆಳಸಾಲಿನಲ್ಲಿ ‘ಹಿಪ್ಪರಗಿ ಬ್ಯಾರೇಜ್ ಒಳಹರಿವು’ ಓಡುತ್ತದೆ. 2005ರ, 2019ರ ಮಹಾಪೂರಗಳ ನೆನಪು ಇಲ್ಲಿ ಇನ್ನೂ ಹಸಿ. ಸುಮಾರು 6 ಟಿಎಂಸಿ ನೀರು ನಿಲ್ಲುವ ಈ ಕಟ್ಟೆಯಿಂದ ಹೊಳೆಯಾಚೆಯ ಅಥಣಿ ಸೀಮೆಗೂ ನೀರು ಹೋಗುತ್ತದೆ. ಗೇಟುಗಳ ಮೇಲೆ ನಿಂತು ನೋಡುವುದಕ್ಕಿಂತ ಊರ ಗುಡಿಯ ಕಟ್ಟೆಗೆ ಹೋಗುವುದೇ ನಮ್ಮ ಕೆಲಸಕ್ಕೆ ಮೇಲು. ಅಲ್ಲಿ ಕೂತಿದ್ದ ಹಿರಿಯರು ಕಾಕಾನಿಗೆ ಜಾಗ ಬಿಟ್ಟುಕೊಟ್ಟರು. ಯಾವೂರು, ಯಾರ ಪೈಕಿ ಎಂದೆಲ್ಲ ಆದಮೇಲೆ ಒಬ್ಬರು ಕೇಳಿದರು:

‘ನಿಮ್ಮ ಬೆಡಗು ಯಾವುದ್ರೀ?’

ಕಾಕಾ ಹೇಳಿದರು. ಬೆಡಗು ಎಂಬ ಕುಲದ ಗುರುತು ಮಾತ್ರ ಸೊಲ್ಲಾಪುರದಲ್ಲೂ ಕಳೆದಿರಲಿಲ್ಲ, ಸಂಬಂಧ ಬೆಳೆಸುವಾಗ ಬೇಕಲ್ಲ.

‘ಅಂದ್ರ ನಮ್ಮ ಓಣ್ಯಾವ್ರಽ ಆದ್ರಿ. ನಿಮ್ಮ ಹೆಳವರನ್ನ ಕೇಳಿದ್ರೇನು?’

ಹೆಳವರು ಈ ಭಾಗದ ರೈತ ಮನೆತನಗಳ ವಂಶಾವಳಿ ಹೇಳುವವರು. ಸುಗ್ಗಿ ಮುಗಿದ ಮೇಲೆ ಸಿಂಗರಿಸಿದ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಬೆಳಗಿನ ಜಾವ ಮನೆ ಬಾಗಿಲಿಗೆ ಬರುತ್ತಿದ್ದರು. ಎತ್ತಿನಿಂದ ಇಳಿಯದೆ ಹೇಳುವುದು ಅವರ ಪದ್ಧತಿ, ಕಾಲಿಲ್ಲದ ಹಿರಿಯನಿಗೆ ಬಸವಣ್ಣ ಎತ್ತು ಕೊಟ್ಟ ಎಂದು ಅವರ ಕತೆ. ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಉಸಿರು ಬಿಡದೆ ಹೇಳುತ್ತಾರೆ. ಊರುಗಳನ್ನು ತಮ್ಮ ಮನೆತನಗಳ ನಡುವೆ ಹಂಚಿಕೊಂಡಿರುತ್ತಾರೆ, ಒಬ್ಬರ ಮನೆಗೆ ಇನ್ನೊಬ್ಬರು ಹೋಗುವ ಹಾಗಿಲ್ಲ. ಕಾಳು, ಬಟ್ಟೆ, ಅನುಕೂಲಸ್ಥರಿದ್ದರೆ ಆಕಳು, ಕರು ಕೊಡುವುದಿತ್ತು. ಸರ್ಕಾರದ ಪಟ್ಟಿಯಲ್ಲಿ ಈಗ ಅಲೆಮಾರಿ ಸಮುದಾಯ; ಮಕ್ಕಳು ಶಾಲೆ ಕಲಿತು ಬೇರೆ ಕೆಲಸ ಹಿಡಿದಿದ್ದಾರೆ, ಎತ್ತಿನ ಜಾಗಕ್ಕೆ ಮೋಟರ್ ಸೈಕಲ್ಲು ಬಂದಿದೆ.

ಕಟ್ಟೆಯ ಹಿರಿಯರು ಅಲ್ಲೇ ಫೋನು ಹಚ್ಚಿದರು. ಮರುದಿನ ಬೆಳಿಗ್ಗೆ ಹೆಳವರು ಬಂದರು, ಬಗಲಲ್ಲಿ ಕೆಂಪು ಬಟ್ಟೆ ಸುತ್ತಿದ ದಪ್ಪ ಪುಸ್ತಕ. ಹಳೆಯ ಹೊತ್ತಿಗೆ ಹರಿದಾಗ ಹೊಸದಕ್ಕೆ ಇಳಿಸುತ್ತ ಬಂದದ್ದು. ಇದು ಅವರ ಅಜ್ಜ ಬರೆದದ್ದಂತೆ. ಕಾಯಿ ಒಡೆದು, ಪುಸ್ತಕಕ್ಕೆ ಭಂಡಾರ ಹಚ್ಚಿ, ಕೈಮುಗಿದು ತೆರೆದರು. ತೆರೆದ ಮೇಲೆ ಅದನ್ನು ನೋಡಲೇ ಇಲ್ಲ, ಕಣ್ಣು ಮುಚ್ಚಿ ಹೇಳುತ್ತಾ ಹೋದರು. ಅಣ್ಣನ ಸಾಲು ಬಂತು. ಡೈರಿಯಲ್ಲಿ ಕಂಡ ಹೆಸರುಗಳು ಒಂದರ ಹಿಂದೊಂದು ಬರತೊಡಗಿದಾಗ ನಾನು ಕೈಯಲ್ಲಿದ್ದ ನಕಲು ಹಾಳೆಯ ಮೇಲೆ ಗುರುತು ಹಾಕುತ್ತಿದ್ದೆ. ಒಂದು ಕಡೆ ಮಾತ್ರ ಅವರು ಇಬ್ಬರು ಮಕ್ಕಳು ಅಂದರೆ ಡೈರಿ ಮೂವರು ಅನ್ನುತ್ತಿತ್ತು.

ಆಮೇಲೆ ಧ್ವನಿ ಏರಿಸಿ ಹೇಳಿದರು, ಅವನ ತಮ್ಮ ಇಂಥವನು, ಧಾತು ಈಶ್ವರ ಬರದಾಗ ಮೂಡಲ ಸೀಮೆಗೆ ಹೋದ, ಸೊಲ್ಲಾಪುರ ಪೇಟೆಗೆ ನಿಂತ, ಸಂಗಡ ಹೆಂಡತಿ, ಕೈಗೂಸು ಒಂದು. ಕಾಕಾ ರುಮಾಲು ತೆಗೆದು ಮುಖ ಒರೆಸಿಕೊಂಡರು.

ಸರ್ಕಾರದ ಪುಸ್ತಕಕ್ಕೆ ಬೇಡವಾದವನು ಇಲ್ಲಿ ಹೇಗೆ ಉಳಿದ? ನನಗೆ ತಿಳಿದ ಕಾರಣ ಸರಳ. ತಲಾಠಿಗೆ ಹೊಲ ಬಿಟ್ಟವನಿಂದ ಕಂದಾಯ ಬರುವುದಿಲ್ಲ. ಹೆಳವನಿಗೆ ಹಾಗಲ್ಲ, ಊರು ಬಿಟ್ಟವನ ಮಕ್ಕಳು ಎಲ್ಲಿದ್ದರೂ ಅವು ಅವನ ಮನೆಗಳೇ, ಅಲ್ಲಿಗೆ ಹೋದರೆ ಕಾಳು ಹುಟ್ಟುತ್ತದೆ. ಅವನ ಹೊಟ್ಟೆಪಾಡೇ ಹೋದವರ ಜಾಡು ಹಿಡಿಯುವುದರಲ್ಲಿದೆ. ಸೊಲ್ಲಾಪುರದ ತನಕ ಅವರ ಅಜ್ಜ ಒಮ್ಮೆ ಹೋಗಿ ಬಂದಿದ್ದನಂತೆ, ನಮ್ಮ ಓಣಿ ಹುಡುಕಿ ಸಿಗದೆ ತಿರುಗಿದನಂತೆ.

ಇದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಬೇಕೆಂದೇನೂ ಇಲ್ಲ. ಕೊಡುವವರ ಮನಸ್ಸು ಅರಳಿಸಿದರೆ ಹೆಚ್ಚು ದಕ್ಕುತ್ತದೆ ಎಂಬುದನ್ನು ಅರಿಯದ ಹೆಳವನಿಲ್ಲ. ನಾನು ಕೇಳಿದ ಯಾವ ವಂಶಾವಳಿಯಲ್ಲೂ ಮೂಲಪುರುಷ ಕೂಲಿಯವನಾಗಿರಲಿಲ್ಲ. ಎಲ್ಲರೂ ಗೌಡರು, ದೇಸಾಯರು, ಹುಲಿ ಕೊಂದವರು. ನಮ್ಮ ಹಿರಿಯನ ಸಾಲದ ಮಾತು ಪುಸ್ತಕದಲ್ಲಿ ಒಂದಕ್ಷರ ಇರಲಿಲ್ಲ. ಸಾವುಕಾರನ ಕಾಗದದಲ್ಲಿ ಸಾಲ ಬಿಟ್ಟರೆ ಬೇರೆ ಇರಲಿಲ್ಲ, ಕೈಗೂಸಿನ ಸುದ್ದಿ ಅವನಿಗೆ ಯಾಕೆ? ಎರಡನ್ನೂ ಜೋಡಿಸಿದರೆ ಮನುಷ್ಯನ ಆಕಾರ ಒಂದಿಷ್ಟು ಮೂಡುತ್ತದೆ. ಹೆಳವರು ಎಲ್ಲರ ಮನೆಗೂ ಹೋದವರಲ್ಲ ಎಂಬುದನ್ನೂ ನೆನಪಿಡಬೇಕು. ಊರ ಕೇರಿಗಳಲ್ಲಿ ಭೂಮಿಯಿಲ್ಲದೆ ದುಡಿದ ಎಷ್ಟೋ ಮನೆತನಗಳಿಗೆ ಉತಾರವೂ ಇಲ್ಲ, ಹೆಳವನೂ ಇಲ್ಲ. ಅದೇ ಬರದಲ್ಲಿ ಅದೇ ದಾರಿ ಹಿಡಿದು ಅದೇ ಗಿರಣಿ ಬಾಗಿಲಿಗೆ ಹೋದ ಅವರ ಮೊಮ್ಮಕ್ಕಳು ಇಲ್ಲಿಗೆ ಬಂದರೆ ಯಾವ ಕಟ್ಟೆಯಲ್ಲಿ ಕೂತು ಕೇಳಬೇಕು?

‘ಮೂಲದಾಗ ನೀವು ಇಲ್ಲ್ಯಾವ್ರಲ್ರೀ’ ಎಂದರು ಹೆಳವರು, ಚಹಾ ಕುಡಿದಾದ ಮೇಲೆ.

ಕಾಕಾ ಲೋಟ ಕೆಳಗಿಟ್ಟರು. ಹಿಪ್ಪರಗಿಗೆ ಬರುವ ಮೊದಲು ನಮ್ಮವರು ಹೊಳೆಯಾಚೆ ಐನಾಪುರದಲ್ಲಿದ್ದರಂತೆ. ಅಣ್ಣತಮ್ಮರಿಗೆ ಹೊಂದದೆ ಒಬ್ಬ ಎತ್ತು ಗಾಡಿ ಹೂಡಿಕೊಂಡು ಹೊಳೆ ದಾಟಿದ. ಐನಾಪುರಕ್ಕಿಂತ ಹಿಂದೆ? ಅದು ಬೇರೆ ಹೆಳವರ ಪುಸ್ತಕದಲ್ಲಿದೆ, ಅವರು ರಾಯಬಾಗದ ಕಡೆ ಇರುತ್ತಾರೆ. ಹಿಪ್ಪರಗಿಯಲ್ಲಿ ಇದ್ದಷ್ಟು ಕಾಲ ನಮ್ಮವರನ್ನು ಊರವರು ಐನಾಪುರೆ ಎಂದು ಕರೆಯುತ್ತಿದ್ದರು ಎಂದು ಕಟ್ಟೆಯ ಹಿರಿಯರು ಮಧ್ಯೆ ಬಾಯಿ ಹಾಕಿದರು. ಅಣ್ಣನ ಕವಲಿನವರಿಗೆ ಇವತ್ತಿಗೂ ಅದೇ ಅಡ್ಡಹೆಸರು. ಉತಾರದಲ್ಲಿ ಹಿಪ್ಪರಗಿ ಹಿಪ್ಪರಗಿ ಎಂದು ಹುಡುಕಿದ್ದರೆ ಜನ್ಮ ಪೂರ್ತಿ ಸಿಗುತ್ತಿರಲಿಲ್ಲ. ಚಕ್ಕುಬಂದಿ ಬರೆದ ಆ ಗುಮಾಸ್ತನಿಗೆ ಒಂದು ಕಾಯಿ ಒಡೆಸಬೇಕು.

ಅಣ್ಣನ ಕವಲಿನ ಮನೆಗೆ ಊಟಕ್ಕೆ ಹೋದೆವು. ಜೋಳದ ರೊಟ್ಟಿ, ಮಡಕಿಕಾಳು ಪಲ್ಯ, ಶೇಂಗಾ ಹಿಂಡಿ. ಮೊದಲ ಗಳಿಗೆ ಮನೆಯವರ ಮುಖದಲ್ಲಿ ಸಣ್ಣ ಅಳುಕು ಇತ್ತು, ಪಾಲು ಕೇಳಲು ಬಂದಿದ್ದಾರೋ ಏನೋ ಎಂದು. ಹೊಲಕ್ಕೆ ಈಗ ಬ್ಯಾರೇಜಿನ ನೀರು, ಎಕರೆಗೆ ಹೇಳುವ ಬೆಲೆ ಕೇಳಿದರೆ ಯಾರಿಗಾದರೂ ಅಳುಕು ಬರಬೇಕು. ಕಾಕಾ ಅದನ್ನು ಅರಿತು, ಎರಡನೇ ರೊಟ್ಟಿಗೆ ಕೈ ಹಾಕುವ ಮೊದಲೇ, ‘ನಮ್ಮಜ್ಜ ಮಾಡಿದ ಸಾಲ ನಿಮ್ಮಜ್ಜ ತೀರಿಸ್ಯಾನ. ಲೆಕ್ಕ ಹಚ್ಚಿದ್ರ ನಾವಽ ಕೊಡಬೇಕು’ ಎಂದರು. ಮನೆಯವರು ನಕ್ಕರು, ತುಪ್ಪ ಬಂತು.

ಊಟವಾದ ಮೇಲೆ ಹೆಳವರು ಪುಸ್ತಕ ತೆರೆದು ಪೆನ್ನು ತೆಗೆದರು. ಸೊಲ್ಲಾಪುರದ ಕವಲು ಈಗ ಪುಸ್ತಕಕ್ಕೆ ಸೇರಬೇಕು. ಕಾಕಾ ತಮ್ಮ ಅಪ್ಪ, ಅಣ್ಣತಮ್ಮಂದಿರು, ಗಂಡುಮಕ್ಕಳು, ಅವರ ಗಂಡುಮಕ್ಕಳು ಎಂದು ಹೇಳಿಸಿದರು. ನನ್ನ ಹೆಸರು ಬರೆಯಿರಿ ಎಂದೆ.

‘ಹೆಣ್ಮಕ್ಳು ಕೊಟ್ಟ ಮನಿ ಪುಸ್ತಕದಾಗ ಇರತಾರ್ರೀ ಅಕ್ಕಾರ.’

‘ಆ ಪುಸ್ತಕದಾಗ ನನ್ನ ತವರಮನಿ ಹೆಸರು ಇರತೈತೇನ್ರೀ?’

ಅವರು ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು. ‘ಕೆಲವ್ರು ಬರೀತಾರ, ಕೆಲವ್ರು ಬರ್ಯಂಗಿಲ್ಲ.’ ಕೈಗೂಸು ಕಟ್ಟಿಕೊಂಡು ಸೊಲ್ಲಾಪುರಕ್ಕೆ ನಡೆದ ಆ ಹೆಂಡತಿ ಯಾವ ಊರವಳು ಎಂದು ಕೇಳಿದೆ. ಪುಸ್ತಕದಲ್ಲಿ ಇರಲಿಲ್ಲ. ಉತಾರದಲ್ಲಿ ಇರುವ ಪ್ರಶ್ನೆಯೇ ಇಲ್ಲ. ಹೆಣ್ಣಾದವಳು ಮದುವೆಯ ದಿನವೇ ಊರು ಬಿಡುತ್ತಾಳೆ, ಅವಳ ವಲಸೆಗೆ ಬರ ಬೇಕಾಗಿಲ್ಲ. ಆದರೆ ಅದನ್ನು ಬರೆದುಕೊಂಡವರು ಕಡಿಮೆ.

‘ಬರದಬಿಡ್ರೀ’ ಎಂದರು ಕಾಕಾ. ‘ಆಕಿದೂ ಬರೀರಿ, ನನ್ನ ಮೊಮ್ಮಗಳದೂ ಬರೀರಿ. ಇದನ್ನೆಲ್ಲ ಶುರು ಮಾಡಿದಾಕಿನ ಅಕಿ.’

ಹೆಳವರು ಒಪ್ಪಿದರು, ಹಾಳೆಯ ಅಂಚಿಗಲ್ಲ, ಗಂಡುಮಕ್ಕಳ ಸಾಲಿಗೇ ಬರೆದರು. ಮೊಮ್ಮಗಳ ಹೆಸರಿನ ಮುಂದೆ ಪೆನ್ನು ನಿಂತಿತು.

‘ಈಗ ಎಲ್ಲಿ ಇರತಾರ್ರೀ ಅವರು?’

‘ಡಬ್ಲಿನ್.’

‘ಯಾ ತಾಲೂಕು?’

ಪರದೇಶ ಎಂದು ತಿಳಿಸಿ ಹೇಳಿದೆವು. ಅವರು ಐರ್ಲೆಂಡ್ ಎಂಬುದನ್ನು ಎರಡು ಸಲ ಹೇಳಿಸಿಕೊಂಡು, ತಪ್ಪಿಲ್ಲದೆ ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಈ ವರ್ಷದ ಇಸವಿ ಹಾಕಿದರು.

‘ಅಕಿ ಮನಿಗೆ ಕಾಳು ವಸೂಲಿಗೆ ಯಾರು ಹೋಗವ್ರು?’ ಎಂದು ಕಾಕಾ ಕೇಳಿದರು.

‘ಫೋನ್‌ಪೇ ಐತಲ್ರೀ ಅಜ್ಜಾರ’ ಎಂದರು ಹೆಳವರು, ಪುಸ್ತಕಕ್ಕೆ ಬಟ್ಟೆ ಸುತ್ತುತ್ತ. ‘ನಂಬರ್ ಅಷ್ಟ ಹೇಳಿಬಿಡ್ರಿ, ಅದನ್ನೂ ಬರಕೋತೀನಿ.’